ಎಡತಟ್ಟೆ

ಹತ್ತು ಕುರ್ಚಿ ಒರೆಸಿಟ್ಟಿದ್ದೆ, ಬಂದವರು ಆರೇ.
ಮಾರಿಕುಪ್ಪಂ ಗಾಡಿ ಇಳಿದು ಒಂದೇ ಆಟೋದಲ್ಲಿ ಒತ್ತಿಕೊಂಡು,
ಹೆಸರಿನ ಚೀಟಿ ಆಗಲೇ ಕೊರಳಿಗೆ ಹಾಕಿಕೊಂಡು.
ಯೆಹೂದಿ ಮ್ಯೂಸಿಯಂಗಳಲ್ಲಿ ಕೆಲಸ ಮಾಡುವವರ ಕೂಟ, ಎರಡು ದಿನ,
ನಮ್ಮ ಚಾಂಪಿಯನ್ ರೀಫಿನ ಹಳೇ ಔಷಧಿ ಉಗ್ರಾಣದಲ್ಲಿ!
ಟೀ ಅಂಗಡಿಯ ಅರ್ಪುದಂ ನಕ್ಕ:
"ಅವರದ್ದು ಇಲ್ಲೇನಿದೆ ಮುನಿತಾಯಮ್ಮಾ?"

ಇದ್ದದ್ದು ಒಂದು ತಕ್ಕಡಿ.
ಚಿನ್ನ ಪರೀಕ್ಷೆಯ ಕೋಣೆಯಿಂದ ಬಂದದ್ದು, ಗಾಜಿನ ಪೆಟ್ಟಿಗೆ ಸಮೇತ.
ಕೆಳಗಿನ ಡ್ರಾಯರ್ ಪೂರ್ತಿ ಎಳೆದರೆ, ಅದರ ತಳದಲ್ಲಿ
ಬಲದಿಂದ ಎಡಕ್ಕೆ ಪೆನ್ಸಿಲ್ಲಿನ ಒಂದೂವರೆ ಸಾಲು.
ಉರ್ದು ಇರಬೇಕು ಅಂದುಕೊಂಡು ದಾಖಲೆ ಪುಸ್ತಕದಲ್ಲಿ
ಉರ್ದು ಎಂದೇ ಬರೆದೆ, ಹದಿನಾಲ್ಕು ವರ್ಷದ ಹಿಂದೆ.
ಆ ತಪ್ಪಿನ ಫೋಟೋ ಕೈಯಿಂದ ಕೈಗೆ ಹೋಗಿ
ಇವರನ್ನು ಇಲ್ಲಿಗೆ ಎಳೆದು ತಂದಿತ್ತು.

ಮೊದಲು ಪರಿಚಯ.
ಕೊಚ್ಚಿ ಕಡೆಯ ಸುಗತನ್, ಅವರಪ್ಪನೂ ಅದೇ ಬೀಗದ ಕೈ ಕಾದವರು.
ಕೊಲ್ಕತ್ತದ ಸಿರಾಜುಲ್ ಮಂಡಲ್: ಐದು ಹೊತ್ತು ನಮಾಜು,
ನಡುನಡುವೆ ಸಿನಗಾಗಿನ ದೀಪದ ಗಾಜು ತೊಳೆಯುವುದು.
ಪುಣೆಯಿಂದ ಇಬ್ಬರು ಹುಡುಗಿಯರು, ಬಟ್ಟೆ ರಿಪೇರಿಯವರು,
ಒಬ್ಬ ಫೋಟೋಗ್ರಾಫರ್, ಮಾತೇ ಆಡದವನು.
ಕೊನೆಗೆ ಅಲಿಬಾಗಿನ ಸಿಪೋರಾ ಪೆಣ್ಕರ್.
"ಪ್ರಾರ್ಥನೆಗಾದರೆ ನಮಗೆ ಹತ್ತು ಜನ ಬೇಕು,
ಇಲ್ಲಿ ನಮ್ಮವರು ಅಂತ ಇರೋದು ನಾನೊಬ್ಬಳೇ.
ಧೂಳು ಹೊಡೆಯೋಕೆ ಎಷ್ಟು ಜನ ಬೇಕು, ಹೇಳಿ?"

ಧೂಳು ಅಂದದ್ದೇ ತಡ, ಸಭೆ ಶುರುವಾಯಿತು.
ಗೆದ್ದಲು, ಬೆಳ್ಳಿಹುಳು, ಬಾವಲಿ ಪಿಕ್ಕೆ,
ಉಪ್ಪುಗಾಳಿಗೆ ಕಪ್ಪಿಡುವ ಬೆಳ್ಳಿ ಬಟ್ಟಲು,
ಮುಟ್ಟಬೇಡಿ ಅಂದರೂ ಮುಟ್ಟುವವರು,
ಮೂರು ತಿಂಗಳಿಗೊಮ್ಮೆ ಬರುವ ಸಂಬಳ.
ನಾನು ನಮ್ಮ ಸಯನೈಡ್ ದಿಬ್ಬದ ಮಾತೆತ್ತಿದೆ:
ಆಷಾಢದಲ್ಲಿ ಬೂದಿಬಣ್ಣದ ಹಿಟ್ಟು ಏಳುತ್ತೆ,
ವಸ್ತ್ರಗಾಳಿಸಿದ ರಾಗಿಗಿಂತ ನುಣುಪು,
ಮುಚ್ಚಿದ ಗಾಜಿನೊಳಗೂ ಇಳಿಯುತ್ತೆ, ಹೇಗೋ.
ಬಾಗಿಲ ಸಂದಿಗೆ ಹಳೇ ರೇಷ್ಮೆ ಸೀರೆಯ ಅಂಚು ತುರುಕಿದ್ದೇನೆ.
ಆರೂ ಜನ ಪುಸ್ತಕ ತೆಗೆದು ಬರೆದುಕೊಂಡರು.
ನನ್ನ ಮಾತನ್ನು ಯಾರೋ ಬರೆದುಕೊಂಡದ್ದು
ನಾನು ಕಂಡಂತೆ ಅದೇ ಮೊದಲು.

ಮಧ್ಯಾಹ್ನ ಮುದ್ದೆ, ಬಸ್ಸಾರು. ಅಗಿಯಬೇಡಿ, ನುಂಗಿ ಅಂದೆ.
ಸುಗತನ್ ಅಗಿದರು.

ಆಮೇಲೆ ಡ್ರಾಯರ್ ಎಳೆದೆ.
ಸಿಪೋರಾ ಬೆಳಕಿಗೆ ಹಿಡಿದು ನೋಡಿದರು, ತುಂಬಾ ಹೊತ್ತು.
ಅಕ್ಷರ ನಮ್ಮದೇ, ಅಂದರು. ಹೀಬ್ರೂ ಅಕ್ಷರ.
ಒಂದೊಂದನ್ನೇ ಕೂಡಿಸಿಕೊಂಡು ಓದಿದರು,
ಒಂದನೇ ಕ್ಲಾಸಿನ ಮಗುವಿನ ಹಾಗೆ.
ಮಾತು ಮಾತ್ರ ಯಾವುದೋ, ನನಗೆ ತಿಳಿಯದು, ಅಂತ ಕೈಬಿಟ್ಟರು.
ಕಿಟಕಿಯ ಬಳಿ ಸಿರಾಜುಲ್ ಟೀ ಲೋಟ ಕೆಳಗಿಟ್ಟರು.
"ಇನ್ನೊಂದು ಸಲ ಓದಿ ದೀದಿ. ನಿಧಾನ."

ಅಕ್ಷರ ಅವರದ್ದು, ಮಾತು ಅರಬ್ಬಿ.
ಬಾಗ್ದಾದಿನಿಂದ ಬಂದ ಮನೆತನದವನು ಇರಬೇಕು.
ಅವರು ಓದಿದ್ದು ಇವರಿಗೆ ಅರ್ಥವಾಯಿತು,
ಇವರು ಹಿಂದಿಯಲ್ಲಿ ಅಂದದ್ದು ನನಗೆ:
"ಎಡತಟ್ಟೆ ಕೂದಲಷ್ಟು ಭಾರ.
ಮರೆಯಬೇಡ."

ಅಷ್ಟೇ. ಹೆಸರಿಲ್ಲ, ದೇವರಿಲ್ಲ.
ಫೋಟೋಗ್ರಾಫರ್ ಮಾತ್ರ ಯಾಕೋ ಎದ್ದು ಆಚೆ ಹೋದ.

ಅದು ಅಲಿಬಾಗಿಗೆ ಹೋಗಬೇಕೆಂದು ಒಬ್ಬರು,
ಇಲ್ಲೇ ಇರಲಿ ಅಂತ ಇನ್ನೊಬ್ಬರು;
ಮರುದಿನವೆಲ್ಲ ಅದೇ ಆಯಿತು, ಬಗೆಹರಿಯಲಿಲ್ಲ.
ನಾನು ದಾಖಲೆ ಪುಸ್ತಕ ತೆರೆದು ರಬ್ಬರು ಹುಡುಕುತ್ತಿದ್ದರೆ
ಸಿರಾಜುಲ್ ಕೈ ಅಡ್ಡ ಇಟ್ಟರು: ಅಳಿಸಬಾರದು ಬೆಹನ್,
ಒಂದೇ ಗೆರೆ ಎಳಿ. ಕೆಳಗಿನದು ಓದೋಕೆ ಸಿಗಬೇಕು.

ಅವರನ್ನು ಗಾಡಿಗೆ ಹತ್ತಿಸಿ ಬಂದು ಬೀಗ ತೆಗೆದೆ.
ಕುರ್ಚಿಗಳು ಹಾಗೇ ಇದ್ದವು, ಆರು ಓರೆ, ನಾಲ್ಕು ನೆಟ್ಟಗೆ.
ತಕ್ಕಡಿಯ ಗಾಜು ಎತ್ತಿದೆ. ತಟ್ಟೆ ಎರಡೂ ಬರಿದು.
ಮುಳ್ಳು ನಿಲ್ಲುವವರೆಗೂ ಉಸಿರು ಬಿಗಿಹಿಡಿದೆ.
ಎಡಕ್ಕೆ.
ಧೂಳಿರಬಹುದು ಅಂತ ಮೆತ್ತನೆ ಕುಂಚದಲ್ಲಿ
ಎರಡೂ ತಟ್ಟೆ ಸವರಿ, ಮತ್ತೆ ಕಾದೆ.
ಎಡಕ್ಕೇ. ಕೂದಲಷ್ಟು.